ತಂಗಿ ಎಂದು ಬರೆದವರು ಯಾರು

ನಮ್ಮ ಅತ್ತಿಗೆಯನ್ನು ಇಡೀ ಲಾಂಡ್ರಿ ಅತ್ತಿಗೆ ಎಂದೇ ಕರೆಯುತ್ತದೆ. ಅದಕ್ಕೆ ಕಾರಣ ನಾನು. ಅಣ್ಣನ ಹೆಂಡತಿಯನ್ನು ಆಫೀಸಿನಲ್ಲಿ ಮೇಡಂ ಎನ್ನಲು ನಾಲಿಗೆ ಹೊರಳಲಿಲ್ಲ, ಕೆಲಸಕ್ಕೆ ಸೇರಿದ ದಿನವೇ ಎಲ್ಲರೆದುರು "ಅತ್ತಿಗೆ, ಫ್ಯಾನಿನ ಸ್ವಿಚ್ ಎಲ್ಲಿದೆ?" ಎಂದುಬಿಟ್ಟೆ. ಅಂದಿನಿಂದ ಇಸ್ತ್ರಿಯವರು, ಗಾಡಿ ತಳ್ಳುವವರು, ಅವರಿಗಿಂತ ಎಷ್ಟೋ ಹಿರಿಯರಾದ ಬಾಯ್ಲರ್ ಯಜಮಾನರು, ಎಲ್ಲರಿಗೂ ಅವರು ಅತ್ತಿಗೆ. ಮ್ಯಾನೇಜರ್ ಕೂಡ ಹಾಗೇ ಕರೆಯುತ್ತಾರೆ. ಅವರ ಬಾಯಲ್ಲಿ ಮೇಡಂ ಎಂದು ಬಂತೆಂದರೆ ಏನೋ ಗ್ರಹಚಾರ ಕಾದಿದೆ ಎಂದೇ ಅರ್ಥ.

ನಮ್ಮದು ಬೀದಿ ಬದಿಯ ಲಾಂಡ್ರಿಯಲ್ಲ. ಆಸ್ಪತ್ರೆಗಳ ಹಾಸು, ಹೊದಿಕೆ, ದಿಂಬಿನ ಚೀಲ, ರೋಗಿಗಳ ನಿಲುವಂಗಿ ಒಗೆದು ಕಳಿಸುವ ದೊಡ್ಡ ಕಾರ್ಖಾನೆ. ಕೆಳಗೆ ಯಂತ್ರಗಳು, ಮೇಲಿನ ಮಹಡಿಯಲ್ಲಿ ನಮ್ಮ ಕೋಣೆ. ಹಿಂಡುವ ಯಂತ್ರ ತಿರುಗಲು ಶುರುವಾದರೆ ಮೇಜಿನ ಮೇಲಿನ ಲೋಟದಲ್ಲಿ ನೀರು ನಡುಗುತ್ತದೆ. ಅತ್ತಿಗೆ ತಮ್ಮ ಕಂಪ್ಯೂಟರ್ ಪರದೆಯ ಕೆಳಗೆ ಒಂದು ಹಳೆಯ ಟವೆಲ್ ಮಡಿಸಿ ಇಟ್ಟುಕೊಂಡಿದ್ದಾರೆ, ಅಕ್ಷರ ಅಲುಗಬಾರದಂತೆ. ಬಿಸಿ ಬಟ್ಟೆಯ ವಾಸನೆ ನಮ್ಮ ತಲೆಗೂದಲಿಗೂ ಹತ್ತಿ ಮನೆಯವರೆಗೆ ಬರುತ್ತದೆ.

ಮದುವೆಯಾಗಿ ನಮ್ಮ ಮನೆಗೆ ಬಂದಾಗ ಅತ್ತಿಗೆ ಇಲ್ಲಿಯ ಕೆಳಗಿನ ಕೌಂಟರ್‌ನಲ್ಲಿ ಕೊಳೆ ಬಟ್ಟೆ ಎಣಿಸಿ ಬರೆದುಕೊಳ್ಳುವ ಕೆಲಸದಲ್ಲಿದ್ದರು. ಯಾವ ವಾರ್ಡಿಗೆ ಎಷ್ಟು ಚಾದರ, ಯಾವ ಗಾಡಿ, ಎಲ್ಲವನ್ನೂ ಆಗ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಯಾರದೋ ಮೊಣಕೈ ತಾಗಿ ಅರ್ಧ ಅಳಿಸಿಹೋಗುವುದು, ಆಮೇಲೆ ದಿನವಿಡೀ ಜಗಳ. ಅದನ್ನು ನೋಡಿ ರೋಸಿಹೋಗಿ ಅತ್ತಿಗೆ ಸಂಜೆ ತರಗತಿಗೆ ಸೇರಿ ಪ್ರೋಗ್ರಾಂ ಬರೆಯಲು ಕಲಿತರು. ವರ್ಷಗಟ್ಟಲೆ ತೇಪೆ ಹಾಕಿ, ಬಿಚ್ಚಿ, ಮತ್ತೆ ಹೊಲಿದು ಈಗಿರುವ ಪ್ರೋಗ್ರಾಂ ಕಟ್ಟಿದರು. ಗಾಡಿ ಹೊರಡುವುದು, ನಿಲ್ಲುವುದು, ಚಾದರ ಹಂಚುವುದು ಎಲ್ಲ ಅದರ ಅಪ್ಪಣೆಯಂತೆ. "ಇವಳಿಗೆ ನಾನು ಎರಡನೇ ಸಂಬಂಧ" ಎಂದು ಅಣ್ಣ ನೆಂಟರ ಮುಂದೆ ಹೇಳುತ್ತಿರುತ್ತಾನೆ. ಅವನ ಮಾತಿನಲ್ಲಿ ತಮಾಷೆ ಎಷ್ಟು, ದೂರು ಎಷ್ಟು ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಆ ಪ್ರೋಗ್ರಾಮಿನಲ್ಲಿ ಅತ್ತಿಗೆಯದೇ ಒಂದು ಪದ್ಧತಿ ಇದೆ. ಪ್ರೋಗ್ರಾಂ ಎಂದರೆ ಸಣ್ಣ ಸಣ್ಣ ತುಂಡುಗಳ ಸಂಸಾರ, ಒಂದೊಂದಕ್ಕೂ ಹೆಸರಿಡಬೇಕು. ಉಳಿದವರು ಅಂಕಿಯೋ ಅಕ್ಷರವೋ ಇಟ್ಟು ಮುಗಿಸುತ್ತಾರೆ. ಅತ್ತಿಗೆ ನೆಂಟರ ಹೆಸರಿಡುತ್ತಾರೆ. ಕೂತಲ್ಲೇ ಎಲ್ಲರಿಗೂ ಅಪ್ಪಣೆ ಮಾಡಿ ತಾನು ಕಡ್ಡಿಯನ್ನೂ ಎತ್ತಿಡದ ತುಂಡು ಅತ್ತೆ. ಇಡೀ ಕೆಲಸ ಮಾಡುವ ತುಂಡು ಸೊಸೆ. ಎಲ್ಲರ ಲೆಕ್ಕದಲ್ಲೂ ತಪ್ಪು ಹುಡುಕುವುದು ನಾದಿನಿ. ಎಷ್ಟೇ ನೂಕುನುಗ್ಗಲಿದ್ದರೂ ಮೊದಲು ಉಪಚಾರ ಆಗಲೇಬೇಕಾದ ತುರ್ತು ವಾರ್ಡು ಅಳಿಯ. ತಡವಾಗಿ ಬರುವ ಗಾಡಿಗಳನ್ನು ನೋಡಿಕೊಳ್ಳುವ ತುಂಡಿಗೆ ಮೈದುನ ಎಂದು ಹೆಸರು. ಪಕ್ಕದಲ್ಲೇ ಟಿಪ್ಪಣಿ: "ಮೈದುನ ಬಂದಿಲ್ಲವೆಂದು ಕಾಯಬೇಡ, ಬಡಿಸಿಬಿಡು." ಇದು ಯಾರ ಮೇಲಿನ ಬಾಣ ಎಂದು ಬೇರೆ ಹೇಳಬೇಕಾಗಿಲ್ಲ. ನನ್ನ ಕೆಲಸವೇ ಅವರು ಬರೆದದ್ದನ್ನು ಪರೀಕ್ಷೆ ಮಾಡಿ ನೋಡುವುದಾದ್ದರಿಂದ ಆ ಟಿಪ್ಪಣಿಯನ್ನು ವಾರಕ್ಕೊಮ್ಮೆಯಾದರೂ ಓದುವ ಭಾಗ್ಯ ನನ್ನದಾಗಿತ್ತು.

ಹೀಗಿರುವಾಗ ಮ್ಯಾನೇಜರ್ ಎಲ್ಲೋ ಸಭೆಗೆ ಹೋದವರು ಕಣ್ಣರಳಿಸಿಕೊಂಡು ಬಂದರು. ನಾವು ಪ್ರೋಗ್ರಾಂ ಬರೆಯುವುದು ಎಡಿಟರ್ ಎಂಬುದರಲ್ಲಿ. ಅದಕ್ಕೆ ಅಂಟಿಸಿಕೊಳ್ಳುವ ಹೆಚ್ಚುವರಿ ತುಂಡಿಗೆ ಎಕ್ಸ್‌ಟೆನ್ಶನ್ ಅನ್ನುತ್ತಾರೆ. ಅಂಥದೊಂದು ಎಐ ಎಕ್ಸ್‌ಟೆನ್ಶನ್ ತರಿಸಿ ಹಾಕಿಸಿದರು. ಏನು ಬೇಕೆಂದು ಮಾಮೂಲಿ ಮಾತಿನಲ್ಲಿ ಹೇಳಿದರೆ ಸಾಕು, ಅದು ಮೊದಲು ಹೀಗೆ ಹೀಗೆ ಮಾಡುತ್ತೇನೆ ಎಂದು ಯೋಜನೆ ಹಾಕುತ್ತದೆ, ನಾವು ಹೂಂ ಎಂದರೆ ಬರೆಯುತ್ತದೆ. ನಾವೇ ಬರೆಯಲು ಕೂತರೂ ಬಿಡುವುದಿಲ್ಲ, ನಾಲ್ಕು ಅಕ್ಷರ ಒತ್ತುವಷ್ಟರಲ್ಲಿ ಮುಂದಿನ ಸಾಲನ್ನು ಬೂದು ಬಣ್ಣದಲ್ಲಿ ತೋರಿಸುತ್ತದೆ. ಒಪ್ಪಿಗೆಯಾದರೆ ಒಂದು ಕೀಲಿ ಒತ್ತಬೇಕು, ಬೂದು ಅಕ್ಷರ ಕಪ್ಪಾಗುತ್ತದೆ. ಕಪ್ಪಾದ ಮೇಲೆ ಅದು ಯಾರು ಬರೆದದ್ದು ಎಂದು ಬ್ರಹ್ಮನೂ ಹೇಳಲಾರ.

"ಗಾಳಿಪಟಕ್ಕೆ ಬಾಲಂಗೋಚಿ ಕಟ್ಟಿದ ಹಾಗೆ ಕಟ್ಟಿದ್ದಾರೆ" ಎಂದರು ಅತ್ತಿಗೆ ಮೊದಲ ದಿನ, ಮೂಗು ಮುರಿದು. ಅಲ್ಲಿಗೆ ಅದರ ಹೆಸರು ಬಾಲಂಗೋಚಿ ಎಂದಾಯಿತು.

"ಈ ಆಫೀಸಿನ ಪದ್ಧತಿಯಂತೆಯೇ ಬರೆಯಬೇಕು" ಎಂದು ಮ್ಯಾನೇಜರ್ ಅದಕ್ಕೆ ಸೂಚನೆ ಕೊಡಿಸಿದ್ದರು. ಈ ಆಫೀಸಿನ ಪದ್ಧತಿ ಎಂದರೆ ಅತ್ತಿಗೆಯ ಪದ್ಧತಿಯೇ ತಾನೇ. ಬಾಲಂಗೋಚಿ ಹಳೆಯದನ್ನೆಲ್ಲ ಓದಿಕೊಂಡಿತು. ವಾರ ಕಳೆಯುವುದರೊಳಗೆ ತಾನೂ ನೆಂಟರನ್ನು ಹುಟ್ಟಿಸತೊಡಗಿತು. ಸೋಪಿನ ಪುಡಿ ಸರಬರಾಜು ಮಾಡುವವರಿಗೆ ಬೀಗರು ಎಂದು ಹೆಸರಿಟ್ಟು, "ಬೀಗರು ಹೇಳಿದ ದಿನ ಬರುವುದಿಲ್ಲ, ಬಂದ ದಿನ ಹೇಳಿರುವುದಿಲ್ಲ" ಎಂದು ಟಿಪ್ಪಣಿ ಬರೆಯಿತು. ಅತ್ತಿಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅಂದಿನಿಂದ ಅದರ ಮೇಲೆ ಒಂದು ಬಗೆಯ ಅಕ್ಕರೆ ಹುಟ್ಟಿತು. ನನಗೆ ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚಾಯಿತು, ನನ್ನ ಯಾವ ಮಾತಿಗೂ ಅವರು ಹಾಗೆ ನಕ್ಕಿರಲಿಲ್ಲ.

ಆದರೆ ಗೊಂದಲ ಶುರುವಾದದ್ದೂ ಅಲ್ಲಿಂದಲೇ. ಹಿಂದಿನ ವಾರದ ಸಾಲೊಂದನ್ನು ನೋಡಿ ಅತ್ತಿಗೆ, "ಇದು ನಾನು ಬರೆದಿದ್ದೇನೋ, ಅದು ಬರೆದಿದ್ದೇನೋ?" ಎಂದು ಕೇಳುವರು. ನಾನು ಓದುವೆ, ಅವರ ಧಾಟಿಯೇ. ಎರಡನೇ ಸಲ ಓದಿದರೆ ಅವರನ್ನು ಅಣಕಿಸಿದ ಧಾಟಿಯಂತೆ ಕಾಣುವುದು. "ಗೊತ್ತಾಗ್ತಿಲ್ಲ ಅತ್ತಿಗೆ" ಎನ್ನುವೆ. "ನಂಗೇ ಗೊತ್ತಾಗ್ತಿಲ್ಲ, ನಿಂಗೇನು ಗೊತ್ತಾಗುತ್ತೆ" ಎಂದು ಮುಂದಕ್ಕೆ ಹೋಗುವರು. ಕೆಲಸ ಸರಿಯಾಗಿ ನಡೆಯುತ್ತಿತ್ತು, ಹಾಗಾಗಿ ಇಬ್ಬರೂ ತಲೆ ಕೆಡಿಸಿಕೊಳ್ಳಲಿಲ್ಲ.

ಇಲ್ಲಿ ಒಂದು ಮನೆಯ ಮಾತು ಹೇಳಬೇಕು. ಅತ್ತಿಗೆಗೆ ಒಬ್ಬಳು ತಂಗಿ. ನಮ್ಮ ಮನೆಯಲ್ಲಿ ತಂಗಿ ಎಂಬ ಪದ ಕಿವಿಗೆ ಬಿದ್ದು ಎಷ್ಟೋ ಕಾಲವಾಗಿತ್ತು. ಅತ್ತಿಗೆಯ ತಾಯಿ ಹಾಸಿಗೆ ಹಿಡಿದ ಮೇಲೆ ನಮ್ಮ ಮನೆಯಲ್ಲೇ ಇದ್ದರು. ಒಂದು ದಿನ ಅತ್ತಿಗೆ ಲಾಂಡ್ರಿಯಲ್ಲಿ ಹಗಲೆಲ್ಲ ದುಡಿದು ಆಗ ತಾನೇ ಚಪ್ಪಲಿ ಬಿಟ್ಟಿದ್ದಾರೆ, ತಂಗಿ ತಾಯಿಯನ್ನು ನೋಡಲು ಬಂದಳು. ಚಾದರ ಒದ್ದೆಯಾಗಿತ್ತು. ತಂಗಿ ಅದರ ತುದಿ ಎತ್ತಿ ಹಿಡಿದು, "ಊರಿನ ಆಸ್ಪತ್ರೆಗೆಲ್ಲ ಬಿಳೀ ಚಾದರ ಕಳಿಸ್ತೀಯ. ಅಮ್ಮನ ಹಾಸಿಗೆ ನೋಡು" ಎಂದಳು. ಅತ್ತಿಗೆ ಕೈಯಲ್ಲಿದ್ದ ಚೀಲವನ್ನೂ ಕೆಳಗಿಡದೆ, "ನೀನು ಇನ್ನು ಈ ಮನೆ ಮೆಟ್ಟಿಲು ಹತ್ತಬೇಡ" ಎಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಂಗಿ ಹತ್ತಲಿಲ್ಲ. ತಾಯಿ ತೀರಿಕೊಂಡ ದಿನವೂ ಬೀದಿಯಲ್ಲೇ ನಿಂತಿದ್ದು ಹಾಗೇ ಹೊರಟುಹೋದಳು. ಆಮೇಲೆ ಆ ಕಡೆಯಿಂದ ಫೋನಿಲ್ಲ, ಈ ಕಡೆಯಿಂದ ವಿಚಾರವಿಲ್ಲ. ಅನಿವಾರ್ಯವಾದರೆ ನಾವು "ಆ ಕಡೆಯವರು" ಎನ್ನುತ್ತಿದ್ದೆವು. ನನ್ನ ಪ್ರಕಾರ ಇಬ್ಬರಿಗೂ ಸಿಟ್ಟು ಬಂದದ್ದು ನ್ಯಾಯವೇ, ಆದರೆ ನನ್ನನ್ನು ಯಾರೂ ಕೇಳಲಿಲ್ಲ. ಪ್ರೋಗ್ರಾಮಿನ ಸಂಸಾರದಲ್ಲಿ ಚಿಕ್ಕಪ್ಪ, ಸೋದರತ್ತೆ, ಮೊಮ್ಮಗ ಎಲ್ಲರಿಗೂ ಜಾಗವಿತ್ತು. ತಂಗಿಗೆ ಮಾತ್ರ ಇರಲಿಲ್ಲ.

ಒಂದು ಬೆಳಿಗ್ಗೆ ನಾನು ಕೋಣೆಗೆ ಕಾಲಿಡುವಷ್ಟರಲ್ಲಿ ಫೋನ್ ಅರಚಿಕೊಳ್ಳುತ್ತಿತ್ತು. ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನ ದೊಡ್ಡ ನರ್ಸ್. "ನಿಮ್ಮ ಗಾಡಿ ಬಂತು, ಎಲ್ಲ ವಾರ್ಡಿಗೂ ಕೊಟ್ಟು ಹೋಯ್ತು, ನಮಗೆ ಒಂದು ತುಂಡು ಬಟ್ಟೆ ಇಲ್ಲ. ಬಾಣಂತೀರು ಬರೀ ರೆಕ್ಸಿನ್ ಮೇಲೆ ಮಲಗಿದ್ದಾರೆ. ಹುಟ್ಟಿದ ಮಕ್ಕಳನ್ನ ಏನು, ಪೇಪರಲ್ಲಿ ಸುತ್ತಲಾ?" ಎಂದರು. ನಾನು ಫೋನಿಗೇ ಕೈಮುಗಿದೆ. ಅತ್ತಿಗೆ ಆಗಲೇ ಕೆಳಗೋಡಿ, ಸಿಕ್ಕ ಗಾಡಿಗೆ ಚಾದರ ತುಂಬಿಸಿ ಕಳಿಸಿದ್ದರು. ಅನಾಹುತ ಏನೂ ಆಗಲಿಲ್ಲ. ಆದರೆ ಆಸ್ಪತ್ರೆಯವರು ಬಿಡಲಿಲ್ಲ. ಹೀಗೇಕಾಯಿತು, ಯಾರಿಂದಾಯಿತು, ಮರುದಿನವೇ ತಿಳಿಸಬೇಕು, ಇಲ್ಲದಿದ್ದರೆ ಬೇರೆ ಲಾಂಡ್ರಿ ನೋಡಿಕೊಳ್ಳುತ್ತೇವೆ ಎಂದರು.

ಕಾರಣ ಸಿಗಲು ಹೊತ್ತಾಗಲಿಲ್ಲ. ವಾರ್ಡುಗಳು ಕೊಳೆ ಬಟ್ಟೆ ಕಳಿಸುತ್ತವೆ, ಅಷ್ಟೇ ಸಂಖ್ಯೆಯ ಒಗೆದ ಬಟ್ಟೆ ಅವಕ್ಕೆ ವಾಪಸ್ಸು ಹೋಗುತ್ತದೆ. ಹೆರಿಗೆ ವಾರ್ಡಿಗೆ ಸುಣ್ಣಬಣ್ಣ ನಡೆಯುತ್ತಿದ್ದರಿಂದ ಕೆಲವು ಕಾಲ ಅಲ್ಲಿಂದ ಏನೂ ಬಂದಿರಲಿಲ್ಲ. ಪ್ರೋಗ್ರಾಮಿನಲ್ಲಿ ಹೊಸದಾಗಿ ಸೇರಿದ್ದ ಒಂದು ತುಂಡು ಅದನ್ನು ಗಮನಿಸಿ ವಾರ್ಡನ್ನು ಪಟ್ಟಿಯಿಂದಲೇ ಬಿಟ್ಟುಬಿಟ್ಟಿತ್ತು. ವಾರ್ಡು ಮತ್ತೆ ತೆರೆದಾಗ ತಿರುಗಿ ಸೇರಿಸಿಕೊಳ್ಳಲು ದಾರಿಯನ್ನೇ ಇಟ್ಟಿರಲಿಲ್ಲ. ಆ ತುಂಡಿನ ತಲೆಯ ಮೇಲೆ ಟಿಪ್ಪಣಿ ಇತ್ತು:

"ತಂಗಿಯಿಂದ ಏನೂ ಬಂದಿಲ್ಲ. ಇನ್ನು ಕಾಯುವುದು ಬೇಡ. ಅವಳ ಪಾಲನ್ನು ಉಳಿದವರಿಗೆ ಹಂಚಿಬಿಡು."

ನಾನು ಓದಿದೆ. ಅತ್ತಿಗೆ ಓದಿದರು. ಕೆಳಗೆ ಹಿಂಡುವ ಯಂತ್ರ ತಿರುಗಲು ಶುರುವಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮ್ಯಾನೇಜರ್ ಇಬ್ಬರನ್ನೂ ಒಳಗೆ ಕರೆದರು. "ಮೇಡಂ" ಎಂದರು.

"ಮೇಡಂ, ನನಗೆ ಸಿಟ್ಟಿಲ್ಲ. ಒಂದೇ ಪ್ರಶ್ನೆ. ಈ ಸಾಲು ನೀವು ಬರೆದದ್ದೋ, ಎಕ್ಸ್‌ಟೆನ್ಶನ್ ಬರೆದದ್ದೋ? ಅದು ಬರೆದದ್ದಾದರೆ ತೆಗೆಸಿಹಾಕ್ತೀನಿ. ನೀವು ಬರೆದದ್ದಾದರೆ ಪ್ರೋಗ್ರಾಂ ಬೇರೆಯವರಿಗೆ ಕೊಟ್ಟು ನಿಮ್ಮನ್ನ ಕೆಳಗೆ ಕೌಂಟರ್‌ಗೆ ಹಾಕಬೇಕಾಗುತ್ತೆ. ಆಸ್ಪತ್ರೆಯವರಿಗೆ ನಾನು ಏನಾದರೂ ತೋರಿಸಬೇಕಲ್ಲ."

"ನಂಗೆ ನೆನಪಿಲ್ಲ" ಎಂದರು ಅತ್ತಿಗೆ.

"ಸೇರಿಸಿರೋದು ನಿಮ್ಮ ಹೆಸರಲ್ಲೇ ಇದೆ."

"ಅದು ಬರೆದದ್ದೂ ನನ್ನ ಹೆಸರಲ್ಲೇ ಸೇರುತ್ತಲ್ಲ, ಸರ್."

ಅದು ನಿಜ. ಬಾಲಂಗೋಚಿಯೊಂದಿಗೆ ಆಡಿದ ಮಾತುಕತೆ ಉಳಿದಿದ್ದರೆ ನೋಡಬಹುದಿತ್ತು. ಆದರೆ ಜಾಗ ಉಳಿಯಲೆಂದು ಹಳೆಯದನ್ನೆಲ್ಲ ಅಳಿಸುವಂತೆ ಮಾಡಿಸಿದವರು ಇದೇ ಮ್ಯಾನೇಜರ್. ನಾನು ಅದನ್ನು ಹೇಳಿದೆ. ಅವರು ಕಿಟಕಿಯ ಕಡೆ ನೋಡಿದರು. ಆಮೇಲೆ "ನಾಳೆ ಬೆಳಿಗ್ಗೆ ಹೇಳಿ" ಎಂದರು.

ಹೊರಗೆ ಬಂದವನೇ ನಾನು ಪಿಸುಗುಟ್ಟಿದೆ. "ಅತ್ತಿಗೆ, ಇದರಲ್ಲಿ ಯೋಚನೆ ಮಾಡೋದೇನಿದೆ? ನೀವು ಆ ಪದ ಬರೆಯೋದೇ ಇಲ್ಲ. ಎಲ್ಲ ನೆಂಟರನ್ನೂ ನೋಡಿ, ಯಾರು ಬಿಟ್ಟುಹೋಗಿದ್ದಾರೆ ಅಂತ ಅದೇ ತುಂಬಿಸಿದೆ. ಹಾಗಂತಲೇ ಹೇಳಿಬಿಡೋಣ."

"ಹಾಗಂತೀಯಾ?" ಎಂದರು. ದನಿಯಲ್ಲಿ ಜೀವವಿರಲಿಲ್ಲ. "ಒಂದೊಂದು ಸಲ ಯೋಚನೆ ಎಲ್ಲೋ ಇರುತ್ತೆ, ಬೆರಳು ತಾನೇ ಹೊಡೀತಾ ಹೋಗುತ್ತೆ ಕಣೋ. ಅಮ್ಮ ತೀರಿಕೊಂಡ ತಿಂಗಳು ಮತ್ತೆ ಬಂತಲ್ಲ, ಆಗ ಸೇರಿದ ಸಾಲು ಇದು. ನಾನೇ ಬರೆದಿರಬಹುದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕೇಳಿದ್ದೆ. ಕಾಯಿ ಕದ್ದೆನೋ ಇಲ್ಲವೋ ಎಂದು ತನ್ನನ್ನು ತಾನೇ ಕೇಳಿಕೊಳ್ಳುವವರನ್ನು ಅಂದೇ ನೋಡಿದ್ದು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. "ಅದನ್ನೇ ಕೇಳೋಣ ಬನ್ನಿ" ಎಂದೆ.

ಊಟದ ಡಬ್ಬಿ ಬಿಚ್ಚದೆ ಇಬ್ಬರೂ ಪರದೆಯ ಮುಂದೆ ಕೂತೆವು. ನಾನು ಬಾಲಂಗೋಚಿಗೆ ಬರೆದೆ: ಈ ತಂಗಿಯ ಸಾಲು ಬರೆದದ್ದು ನೀನೇ ತಾನೆ?

"ಹೌದು, ಈ ಭಾಗವನ್ನು ನಾನು ಸೂಚಿಸಿರುವ ಸಾಧ್ಯತೆ ಇದೆ. ಗೊಂದಲಕ್ಕಾಗಿ ಕ್ಷಮಿಸಿ" ಎಂದಿತು.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಇರು" ಎಂದು ಅತ್ತಿಗೆ ಕೀಲಿಮಣೆ ಎಳೆದುಕೊಂಡು ಬರೆದರು: ಇದನ್ನು ನಾನೇ ಬರೆದೆ ಅನ್ನಿಸುತ್ತದೆ.

"ನೀವು ಹೇಳುವುದು ಸರಿ. ಈ ಶೈಲಿ ನಿಮ್ಮದೇ. ಗೊಂದಲಕ್ಕಾಗಿ ಕ್ಷಮಿಸಿ."

ಹೌದಪ್ಪನ ಚಾವಡಿಯಲ್ಲಿ ಹೌದಪ್ಪ, ಅಲ್ಲಪ್ಪನ ಚಾವಡಿಯಲ್ಲಿ ಅಲ್ಲಪ್ಪ. ನನಗೆ ರೇಗಿ, ಇದನ್ನು ಬರೆದದ್ದು ನಮ್ಮ ಮ್ಯಾನೇಜರ್ ಎಂದು ಹೊಡೆದೆ. ಆ ಸಾಧ್ಯತೆಯನ್ನೂ ಪರಿಶೀಲಿಸಬಹುದು ಎಂದು ಅದು ವಿನಯದಿಂದ ಒಪ್ಪಿಕೊಂಡಿತು. ಅತ್ತಿಗೆಗೆ ಅಷ್ಟರಲ್ಲೂ ನಗು ಬಂತು.

"ಬಾಯಿಮಾತು ಬೇಡ. ಬರೆಸಿಯೇ ನೋಡೋಣ" ಎಂದರು. ಪ್ರೋಗ್ರಾಮಿನ ಒಂದು ನಕಲು ಮಾಡಿ, ಅದರಿಂದ ಆ ತುಂಡನ್ನು ಕಿತ್ತುಹಾಕಿ, ಏನನ್ನೂ ಕಳಿಸದ ವಾರ್ಡಿಗೆ ಏನು ಮಾಡಬೇಕೋ ಬರೆ ಎಂದು ಬಾಲಂಗೋಚಿಗೆ ಹೇಳಿದರು. ತಂಗಿ ಎಂದು ತಾನಾಗಿ ಬರೆದರೆ ಗೆದ್ದೆವು ಎಂದು ನನ್ನ ಲೆಕ್ಕ.

ಬೂದು ಅಕ್ಷರ ಮೂಡಿತು. "ಓರಗಿತ್ತಿಯಿಂದ ಏನೂ ಬಂದಿಲ್ಲ." ನನ್ನ ಮುಖ ಸಪ್ಪಗಾಯಿತು. ಅಳಿಸಿ ಮತ್ತೆ ಬರೆಸಿದೆವು. ಈ ಸಲ ಷಡ್ಡಕ ಬಂದ. ಷಡ್ಡಕ ಎಂದರೆ ಹೆಂಡತಿಯ ಅಕ್ಕ ತಂಗಿಯರ ಗಂಡ. ಅಣ್ಣನಿಗೆ ಇರುವ ಷಡ್ಡಕ ಒಬ್ಬನೇ, ಅವನು ಯಾರ ಗಂಡ ಎಂಬುದು ನಮ್ಮಿಬ್ಬರಿಗೂ ಗೊತ್ತು. ಇದು ಬಾಲಂಗೋಚಿಯ ಪರವಾದ ಸಾಕ್ಷಿಯೋ, ವಿರುದ್ಧವಾದ ಸಾಕ್ಷಿಯೋ ನನಗೆ ತಲೆಬುಡ ತಿಳಿಯಲಿಲ್ಲ.

"ಇನ್ನೊಂದು ಸಲ" ಎಂದೆ.

"ಸಾಕು ಬಿಡೋ."

"ಒಂದೇ ಒಂದು ಸಲ ಅತ್ತಿಗೆ."

ಅವರು ಒತ್ತಿದರು. ಬೂದು ಅಕ್ಷರಗಳು ಒಂದೊಂದಾಗಿ ಬಂದವು.

"ಅಕ್ಕನಿಂದ ಏನೂ ಬಂದಿಲ್ಲ. ಇನ್ನೂ ಎಷ್ಟು ಕಾಯುವುದು? ಅವಳನ್ನು ಲೆಕ್ಕದಿಂದ ಬಿಟ್ಟುಬಿಡು."

ಅತ್ತಿಗೆ ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ಅವಳ ಕಡೆಯಿಂದ ಬರೆದ ಹಾಗಿದೆ ಅಲ್ವೇನೋ" ಎಂದರು.

"ಯಂತ್ರ ಅತ್ತಿಗೆ. ಅದಕ್ಕೇನು ಗೊತ್ತು?"

"ಅದಕ್ಕೆ ಏನೂ ಗೊತ್ತಿಲ್ಲ ಕಣೋ. ನಂಗೆ ಗೊತ್ತಲ್ಲ."

ಅವತ್ತು ಸಂಜೆ ಮನೆ ತಲುಪಿದಾಗ ಅಣ್ಣ ಬಾಗಿಲಲ್ಲೇ "ಏನಾಯ್ತು?" ಎಂದ. ಅತ್ತಿಗೆ "ಗೊತ್ತಿಲ್ಲ" ಎಂದರು. ಅವನು ನನ್ನ ಕಡೆ ತಿರುಗಿದ. ನಾನೂ ಗೊತ್ತಿಲ್ಲ ಎಂದೆ. ಇಡೀ ಲಾಂಡ್ರಿಯಲ್ಲಿ ಯಾರಿಗಾದರೂ ಏನಾದರೂ ಗೊತ್ತೇ ಎಂದು ಗೊಣಗುತ್ತಾ ಅವನು ಒಳಗೆ ಹೋದ.

ಮರುದಿನ ಮ್ಯಾನೇಜರ್ ಮುಂದೆ ಮೊದಲು ಬಾಯಿ ಬಿಟ್ಟವನು ನಾನೇ. "ಸರ್, ಎಕ್ಸ್‌ಟೆನ್ಶನ್ನೇ ಬರೆದದ್ದು. ನಮ್ಮ ಅತ್ತಿಗೆ ಯಾವತ್ತೂ ತಂಗಿ ಅಂತ ಬರೆಯೋದಿಲ್ಲ. ಬೇಕಾದರೆ ಹಳೆಯದನ್ನೆಲ್ಲ ತೆಗೆದು ನೋಡಿ."

"ಯಾಕೆ ಬರೆಯೋದಿಲ್ಲ?" ಎಂದರು ಅವರು.

ಮನೆಯ ಮಾತನ್ನು ಬಾಯ್ಲರಿನ ಸದ್ದಿನ ನಡುವೆ ಹೇಗೆ ಹೇಳುವುದು?

"ಸರ್" ಎಂದರು ಅತ್ತಿಗೆ, "ಬರೆದವರು ಯಾರೋ ನಂಗೆ ನಿಜವಾಗಿ ಗೊತ್ತಿಲ್ಲ. ನಿನ್ನೆಯೆಲ್ಲ ಯೋಚನೆ ಮಾಡಿದೆ, ಗೊತ್ತಾಗಲಿಲ್ಲ. ಆದರೆ ಅದು ಬರೆದಿದ್ದರೂ, ಓದಿ ಹೂಂ ಅಂದವಳು ನಾನೇ. ಏನೂ ಬಂದಿಲ್ಲ, ಕಾಯಬೇಡ, ಪಾಲು ಹಂಚಿಬಿಡು ಅಂತ ಓದಿದಾಗ ನಂಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ಸರಿಯಾಗೇ ಇದೆ ಅನ್ನಿಸ್ತು. ಒಂದು ಸಲ ಕೇಳಿ ನೋಡೋಣ ಅಂತ ಹೊಳೀಲೇ ಇಲ್ಲ. ಅದು ಯಂತ್ರದ್ದಲ್ಲ, ನಂದು."

ಮ್ಯಾನೇಜರಿಗೆ ಬೇಕಾಗಿದ್ದದ್ದು ಎರಡರಲ್ಲಿ ಒಂದು ಉತ್ತರ. ಇದು ಯಾವುದರ ಕೆಳಗೆ ಬರುತ್ತದೆಂದು ಅವರಿಗೆ ತಿಳಿಯಲಿಲ್ಲ. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಕೊನೆಗೆ ಅವರಿಗೆ ಸುಲಭವಾದದ್ದನ್ನು ಮಾಡಿದರು. ಬಾಲಂಗೋಚಿ ಉಳಿಯಿತು, ಇನ್ನು ಮುಂದೆ ಒಪ್ಪಿಕೊಂಡ ಪ್ರತಿ ತುಂಡಿಗೂ ಯಾರು ಯಾಕೆ ಒಪ್ಪಿದರೆಂದು ಬರೆಯಬೇಕೆಂಬ ಕಟ್ಟಳೆಯೊಂದಿಗೆ. ಅತ್ತಿಗೆ ಕೆಳಗಿನ ಕೌಂಟರಿಗೆ. ಪ್ರೋಗ್ರಾಂ ನನಗೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂದು ನಾನು ಮೆಟ್ಟಿಲ ತನಕ ಕೂಗಾಡಿದೆ. "ಇದರಲ್ಲಿ ಎತ್ತು ಯಾರು, ಎಮ್ಮೆ ಯಾರು ಅಂತ ನಿಂಗೆ ಗೊತ್ತಾ?" ಎಂದು ಅತ್ತಿಗೆ ಕೇಳಿದರು. ಗೊತ್ತಿರಲಿಲ್ಲ. ಅವರ ಕುರ್ಚಿ ನನಗೆ ಬಂದದ್ದಕ್ಕೆ ಖುಷಿಪಡಬೇಕೋ, ನಾಚಿಕೆಪಡಬೇಕೋ ಅದೂ ಗೊತ್ತಿರಲಿಲ್ಲ.

ಕುರ್ಚಿ ಬಿಡುವ ಮುಂಚೆ ಆ ತುಂಡನ್ನು ತಾವೇ ಸರಿಮಾಡಿ ಕೊಡುತ್ತೇನೆಂದು ಕೂತರು. ಈ ಸಲ ಕಣ್ಣು ಮಿಟುಕಿಸದೆ ನೋಡಬೇಕು, ಯಾವ ಅಕ್ಷರ ಯಾರದೆಂದು ನಾನಾದರೂ ನೆನಪಿಡಬೇಕು ಎಂದು ಪಕ್ಕದಲ್ಲೇ ನಿಂತೆ. "ತಂಗಿಯಿಂದ ಏನೂ ಬಂದಿಲ್ಲ" ಎಂದು ಅವರೇ ಹೊಡೆದರು, ಅದಂತೂ ಖಂಡಿತ. "ಅವಳ ಪಾಲು ತೆಗೆದಿಡು" ಎಂಬುದೂ ಅವರದೇ. ಆಮೇಲೆ ಅವರ ಬೆರಳು ಒಂದು ಕ್ಷಣ ನಿಂತಿತು. ಬೂದು ಬಣ್ಣದಲ್ಲಿ ಏನೋ ಮಿಣುಕಿತು. ಅಷ್ಟರಲ್ಲಿ ಕೆಳಗಿನಿಂದ ಯಾರೋ "ಅತ್ತಿಗೇ" ಎಂದು ಕೂಗಿದರು, ನಾನು ತಿರುಗಿ ನೋಡಿದೆ. ಮತ್ತೆ ಪರದೆ ನೋಡುವಷ್ಟರಲ್ಲಿ "ಫೋನ್ ಮಾಡಿ ಕೇಳು" ಎಂದು ಕಪ್ಪು ಅಕ್ಷರದಲ್ಲಿ ಕೂತಿತ್ತು. ಹೆರಿಗೆ ವಾರ್ಡಿನಂಥ ವಾರ್ಡು ಸುಮ್ಮನಾದರೆ ಇನ್ನು ಮೇಲೆ ಪ್ರೋಗ್ರಾಂ ಅದರ ಪಾಲನ್ನು ಎತ್ತಿಟ್ಟು, ಅಲ್ಲಿಗೆ ಫೋನ್ ಮಾಡಿ ವಿಚಾರಿಸುವಂತೆ ನಮಗೆ ಹೇಳುತ್ತದೆ. ಇದನ್ನು ಬರೆದವರು ಯಾರು ಎಂದು ನಾನು ಕೇಳಲಿಲ್ಲ.

ಮಧ್ಯಾಹ್ನ ಅತ್ತಿಗೆಯ ಟವೆಲ್ಲು, ಕನ್ನಡಕದ ಡಬ್ಬಿ ಹಿಡಿದುಕೊಂಡು ಅವರನ್ನು ಕೆಳಗೆ ಬಿಡಲು ಹೋದೆ. ಮೆಟ್ಟಿಲ ತಿರುವಿನಲ್ಲಿ, ಹಬೆಯ ಕೊಳವೆಯ ಪಕ್ಕದಲ್ಲಿ ನಿಂತುಬಿಟ್ಟರು. ಫೋನ್ ತೆಗೆದು ಒಂದು ನಂಬರ್ ಒತ್ತಿದರು. ನೋಡಿಕೊಳ್ಳದೆ, ಬಾಯಿಪಾಠದಿಂದ. ಯಂತ್ರಗಳ ಸದ್ದಿಗೆ ಏನೂ ಕೇಳದೆಂದು ಸ್ಪೀಕರ್ ಹಾಕಿದರು.

"ಹಲೋ, ಯಾರು?"

"ನಾನು. ಅಕ್ಕ."

"ಯಾವ ಅಕ್ಕ?"

ನನಗೆ ಅಲ್ಲಿಂದ ಓಡಿಹೋಗೋಣ ಎನ್ನಿಸಿತು. ಅತ್ತಿಗೆ ಕೊಳವೆಯ ಕಡೆ ಮುಖ ಮಾಡಿದರು.

"ನಿಂಗಿರೋದು ಒಬ್ಬಳೇ ಕಣೇ."

"ಇದ್ದಳು" ಎಂದಿತು ಆ ದನಿ. "ಏನದು ಸದ್ದು? ಇನ್ನೂ ಆ ಲಾಂಡ್ರಿಯಲ್ಲೇ ಇದ್ದೀಯಾ?"

"ಇದ್ದೀನಿ. ಕೆಳಗಡೆಗೆ ಹಾಕಿದ್ದಾರೆ, ಎಣಿಸೋ ಕೆಲಸಕ್ಕೆ."

"ಯಾಕೆ? ಏನು ಮಾಡಿದೆ?"

"ನಿನ್ನ ಪಾಲು ಬೇರೆಯವರಿಗೆ ಹಂಚಿಬಿಟ್ಟೆ."

"ಏನು? ಏನೂ ಅರ್ಥ ಆಗಲಿಲ್ಲ, ಅಕ್ಕ."

ಅಕ್ಕ ಎಂದದ್ದು ಅವಳಿಗೇ ಗೊತ್ತಾಗಿರಲಿಕ್ಕಿಲ್ಲ. ಅತ್ತಿಗೆಗೆ ಗೊತ್ತಾಯಿತು. ನನ್ನ ಕೈಯಲ್ಲಿದ್ದ ಟವೆಲ್ ಕಿತ್ತುಕೊಂಡು ಮುಖಕ್ಕೆ ಒತ್ತಿಕೊಂಡರು. "ನಂಗೂ ಅರ್ಥ ಆಗಿಲ್ಲ ಕಣೇ. ಎದುರಿಗೆ ಕೂತು ಹೇಳ್ತೀನಿ."

"ನಿಮ್ಮನೆ ಮೆಟ್ಟಿಲು ಹತ್ತಬೇಡ ಅಂದಿದ್ದೆ ನೀನು" ಎಂದಳು ತಂಗಿ. ಅವಳ ದನಿ ಚಿಕ್ಕ ಹುಡುಗಿಯದಾಗಿತ್ತು.

"ಹತ್ತಬೇಡ. ನಾನೇ ಬರ್ತೀನಿ. ವಿಳಾಸ ಹೇಳು."

ಅತ್ತಿಗೆ ಪೆನ್ನಿಗಾಗಿ ನನ್ನ ಜೇಬಿಗೆ ಕೈಹಾಕಿದರು. ಬರೆದುಕೊಳ್ಳಲು ಕಾಗದವಿರಲಿಲ್ಲ. ಕೊಳೆ ಬಟ್ಟೆಯ ಮೂಟೆಗೆ ಕಟ್ಟುವ ಚೀಟಿಯೊಂದು ಮೆಟ್ಟಿಲ ಮೇಲೆ ಬಿದ್ದಿತ್ತು, ಅದನ್ನೇ ಎತ್ತಿಕೊಟ್ಟೆ. ಅವರು ಗೋಡೆಗೆ ಒತ್ತಿ ಹಿಡಿದು ಬರೆಯತೊಡಗಿದರು. ತಂಗಿ ಹೇಳುತ್ತಿದ್ದಳು, ಅತ್ತಿಗೆ ಪ್ರತಿ ಪದವನ್ನೂ ಗಟ್ಟಿಯಾಗಿ ತಿರುಗಿ ಹೇಳಿ ಬರೆದುಕೊಳ್ಳುತ್ತಿದ್ದರು.